ಕರುಳಿನ ಉರಿಯೂತ: ಮೈಕ್ರೋ ಆರ್‌ಎನ್‌ಎ ಹೇಳುವುದೇನು?



ನಾವು ನಾಲ್ಕು ಜನರ ನಡುವೆ ಎತ್ತಲು ನಾಚುವ ವಿಷಯವೊಂದನ್ನು ಇಂದು ಎತ್ತುತ್ತೇನೆ: ಮಲದಲ್ಲಿ ರಕ್ತ. ಕೆಲವು ವರ್ಷಗಳ ಹಿಂದೆ ನನ್ನ ಜೊತೆ ಫ್ಲ್ಯಾಟ್ ಹಂಚಿಕೊಂಡಿದ್ದ ಮಂಗಳೂರು ಕಡೆಯ ಹುಡುಗನೊಬ್ಬ ಎಂಟು ತಿಂಗಳು ಅದನ್ನು ಮುಚ್ಚಿಟ್ಟಿದ್ದ. ದಿನಕ್ಕೆ ಏಳೆಂಟು ಸಲ ಹೊಟ್ಟೆ ಹಿಡಿದುಕೊಂಡು ಓಡುತ್ತಿದ್ದ. ಕೇಳಿದರೆ, "ಮೂಲವ್ಯಾಧಿ ಅಣ್ಣಾ, ಊರಿಗೆ ಹೋದಾಗ ತೋರಿಸ್ತೇನೆ" ಎನ್ನುತ್ತಿದ್ದ. ಕಾಯಿಲೆ ಎಂದು ತಿಳಿದರೆ ಕೆಲಸ ಹೋದೀತೆಂಬ ಭಯ ಅವನಿಗೆ. ಪ್ರಯೋಗಾಲಯದಲ್ಲಿ ಕೆಲಸ ಮಾಡುವ ನಾನೂ ಆ ಮಾತನ್ನು ನಂಬಿ ಸುಮ್ಮನಿದ್ದೆ. ಕೊನೆಗೆ ಇಲ್ಲೇ ಶರ್ಕ್‌ನ ಅಮಿರಿ ಆಸ್ಪತ್ರೆಯಲ್ಲಿ ಕೊಲೊನೋಸ್ಕೋಪಿ ಆದಾಗ ನಿಜ ತಿಳಿಯಿತು: ಅಲ್ಸರೇಟಿವ್ ಕೊಲೈಟಿಸ್.

ಕರುಳಿನ ಉರಿಯೂತದ ಕಾಯಿಲೆಗಳಲ್ಲಿ ಮುಖ್ಯವಾದವು ಎರಡು. ಅಲ್ಸರೇಟಿವ್ ಕೊಲೈಟಿಸ್ ದೊಡ್ಡ ಕರುಳಿನ ಒಳಪದರವನ್ನು ಹುಣ್ಣಾಗಿಸುತ್ತದೆ. ಕ್ರೋನ್ಸ್ ಕಾಯಿಲೆ ಬಾಯಿಯಿಂದ ಗುದದವರೆಗೆ ಎಲ್ಲಿಯಾದರೂ ಬರಬಹುದು, ಕರುಳಿನ ಗೋಡೆಯ ಆಳಕ್ಕೂ ಇಳಿಯಬಹುದು. ಎರಡರಲ್ಲೂ ದೇಹದ ರಕ್ಷಣಾ ವ್ಯವಸ್ಥೆ ತನ್ನ ಕರುಳಿನ ಮೇಲೆಯೇ ತಿರುಗಿ ಬೀಳುತ್ತದೆ. ಅದನ್ನು ತಡೆಯಬೇಕಾದವರು ಎಲ್ಲಿ ಹೋದರು? ಮೈಕ್ರೋ ಆರ್‌ಎನ್‌ಎ ಕತೆ ಇಲ್ಲಿ ಶುರುವಾಗುತ್ತದೆ.

ಮದುವೆಮನೆಯ ಅಡುಗೆಯನ್ನು ನೆನಪಿಸಿಕೊಳ್ಳಿ. ಯಾವ ಅಡುಗೆ ಎಷ್ಟು ಎಂದು ಬರೆದ ಚೀಟಿ ಒಳಗೆ ಹೋಗುತ್ತದೆ, ಭಟ್ಟರು ಅದರಂತೆ ಮಾಡುತ್ತಾರೆ. ಜೀವಕೋಶದಲ್ಲಿ ಡಿಎನ್‌ಎಯಿಂದ ನಕಲಾಗಿ ಬರುವ ಸಂದೇಶವಾಹಕ ಆರ್‌ಎನ್‌ಎ ಆ ಚೀಟಿ. ತಯಾರಾಗುವ ಅಡುಗೆ ಪ್ರೋಟೀನ್. ಅಡುಗೆಮನೆಯ ಬಾಗಿಲಲ್ಲಿ ನಿಂತು, "ಸಾಕು, ಇನ್ನು ಬೇಡ" ಎಂದು ಚೀಟಿ ತಡೆಹಿಡಿಯುವ ಯಜಮಾನನೇ ಮೈಕ್ರೋ ಆರ್‌ಎನ್‌ಎ. ಅದರ ಉದ್ದ ಬರೀ 22 ಅಕ್ಷರಗಳ ಆಸುಪಾಸು. 1993ರಲ್ಲಿ ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಇದರ ಕೆಲಸವನ್ನು ಬಯಲಿಗೆ ತಂದವರು ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್. 2024ರ ವೈದ್ಯಕೀಯ ನೊಬೆಲ್ ಅವರಿಗೆ ಸಂದಿತು.

ಕರುಳಿಗೆ ಬರೋಣ. 2008ರಲ್ಲಿ ಅಮೆರಿಕದ ಸಂಶೋಧಕರು ಕೊಲೈಟಿಸ್ ಕೆರಳಿದ ಕರುಳಿನ ಚೂರುಗಳಲ್ಲಿ 11 ಮೈಕ್ರೋ ಆರ್‌ಎನ್‌ಎಗಳು ಏರುಪೇರಾಗಿದ್ದುದನ್ನು ಕಂಡರು. ಎಂಟು ಏರಿದ್ದವು, ಮೂರು ಇಳಿದಿದ್ದವು. ಇಳಿದವುಗಳಲ್ಲಿ ಒಂದು ಮಿರ್-192. ಬಿಳಿ ರಕ್ತಕಣಗಳನ್ನು ಕರುಳಿಗೆ ಕರೆಯುವ ಒಂದು ಪ್ರೋಟೀನಿಗೆ ಅದು ತಡೆ. ಯಜಮಾನ ಬಾಗಿಲು ಬಿಟ್ಟ, ಕರೆಯದ ದಂಡು ಒಳನುಗ್ಗಿತು.

2011ರಲ್ಲಿ ಬಂದ ಇನ್ನೊಂದು ಅಧ್ಯಯನ ನನಗೆ ಬಲು ಇಷ್ಟ. ಕರುಳಿನ ಕೋಶದೊಳಗೆ ನುಗ್ಗಿದ ಬ್ಯಾಕ್ಟೀರಿಯಾಗಳನ್ನು ಜೀರ್ಣಿಸುವ ಕೆಲಸಕ್ಕೆ ಐಆರ್‌ಜಿಎಂ ಎಂಬ ಜೀನ್ ಬೇಕು. ಕ್ರೋನ್ಸ್ ರೋಗಿಗಳ ಈ ಜೀನಿನಲ್ಲಿ ಹೆಚ್ಚಾಗಿ ಕಾಣುವ ಒಂದಕ್ಷರದ ಬದಲಾವಣೆಯಿಂದ ಪ್ರೋಟೀನ್ ಕಿಂಚಿತ್ತೂ ಬದಲಾಗುವುದಿಲ್ಲ. ಹಾಗಾಗಿ ಅದನ್ನು ನಿರುಪದ್ರವಿ ಎಂದೇ ಎಣಿಸಬಹುದಿತ್ತು. ಆದರೆ ಮಿರ್-196 ಹಿಡಿದುಕೊಳ್ಳುವ ಜಾಗವೇ ಅದು. ಅಕ್ಷರ ಬದಲಾದರೆ ಹಿಡಿತ ತಪ್ಪುತ್ತದೆ, ಬ್ಯಾಕ್ಟೀರಿಯಾ ನಿಗ್ರಹ ಹಳಿ ತಪ್ಪುತ್ತದೆ.

ಇದರಿಂದ ರೋಗಿಗೇನು ಬಂತು ಎಂದು ನೀವು ಕೇಳಬೇಕು. ಒಬೆಫಾಜಿಮೋಡ್ ಎಂಬ ಮಾತ್ರೆ ಮಿರ್-124 ಅನ್ನು ಹೆಚ್ಚಿಸಿ ಉರಿಯೂತ ತಗ್ಗಿಸುತ್ತದೆ. ಕೊಲೈಟಿಸ್ ರೋಗಿಗಳ ಮೇಲೆ ಎಂಟು ವಾರ ನಡೆದ ಮೂರನೇ ಹಂತದ ಎರಡು ಪ್ರಯೋಗಗಳ ಫಲಿತಾಂಶ 2025ರ ಜುಲೈನಲ್ಲಿ ಬಂತು. 50 ಮಿಲಿಗ್ರಾಂ ಪಡೆದವರಲ್ಲಿ ಹುಸಿಮಾತ್ರೆ ಪಡೆದವರಿಗಿಂತ ಹೆಚ್ಚು ಜನರಿಗೆ ಕಾಯಿಲೆ ಶಮನವಾಯಿತು. ಹಾಗೆಂದು ವರ್ಷಗಟ್ಟಲೆ ಕಾಡುವ ಕಾಯಿಲೆಗೆ ಎಂಟು ವಾರದ ಫಲ ಕೊನೆಯ ಮಾತಲ್ಲ.

ರಕ್ತದ ಹನಿಯಲ್ಲಿ ಮೈಕ್ರೋ ಆರ್‌ಎನ್‌ಎ ಅಳೆದು ರೋಗ ಹೇಳುವ ಪರೀಕ್ಷೆಯ ಮಾತೂ ಇದೆ. ನಮ್ಮವರಿಗೆ ಅದರ ಅಗತ್ಯ ಹೆಚ್ಚು. ಭಾರತದಲ್ಲಿ ಕರುಳಿನ ಕ್ಷಯ ಮತ್ತು ಕ್ರೋನ್ಸ್ ಅವಳಿಗಳಂತೆ ಕಾಣುತ್ತವೆ. ಕ್ರೋನ್ಸ್‌ಗೆ ಕ್ಷಯದ ಮಾತ್ರೆ ಕೊಟ್ಟರೆ ತಿಂಗಳುಗಳು ದಂಡ. ಕ್ಷಯಕ್ಕೆ ಸ್ಟೀರಾಯ್ಡ್ ಕೊಟ್ಟರೆ ಕ್ಷಯ ಉಲ್ಬಣಿಸುತ್ತದೆ. ಆದರೆ ಒಂದೊಂದು ಅಧ್ಯಯನವೂ ಒಂದೊಂದು ಮೈಕ್ರೋ ಆರ್‌ಎನ್‌ಎಯತ್ತ ಕೈ ತೋರಿಸುತ್ತದೆ. ಇವುಗಳಲ್ಲಿ ಹಲವು ಬೇರೆ ಉರಿಯೂತಗಳಲ್ಲೂ ಏರುತ್ತವೆ. ಆದ್ದರಿಂದ ಅಂಥ ಪರೀಕ್ಷೆಯ ಹೆಸರಲ್ಲಿ ಯಾರಾದರೂ ಇವತ್ತು ದುಡ್ಡು ಕೇಳಿದರೆ ಕೊಡಬೇಡಿ.

ಇವತ್ತು ಕೈಯಲ್ಲಿರುವುದು ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ, ಕೊಲೊನೋಸ್ಕೋಪಿ, ಬಯಾಪ್ಸಿ. ಅಷ್ಟು ಸಾಕು, ಸಮಯಕ್ಕೆ ಹೋದರೆ. ನನ್ನ ಗೆಳೆಯ ಈಗ ಔಷಧಿಯ ಮೇಲೆ ಚೆನ್ನಾಗಿದ್ದಾನೆ, ಕೆಲಸವೂ ಇದೆ. ಅವನು ಕಳೆದುಕೊಂಡದ್ದು ಎಂಟು ತಿಂಗಳು, ಹನ್ನೊಂದು ಕಿಲೋ ತೂಕ.

ವಿಜ್ಞಾನ 22 ಅಕ್ಷರಗಳ ಪಿಸುಮಾತನ್ನೂ ಕೇಳಿಸಿಕೊಳ್ಳಲು ಕಲಿಯುತ್ತಿದೆ. ಪಕ್ಕದ ಕೋಣೆಯವನು "ಮೂಲವ್ಯಾಧಿ ಅಣ್ಣಾ" ಎಂದಾಗ ನಾವೂ ಸರಿಯಾಗಿ ಕೇಳಿಸಿಕೊಳ್ಳೋಣ. ಎರಡು ವಾರ ದಾಟಿದ ಭೇದಿ, ಒಮ್ಮೆ ಕಂಡ ರಕ್ತ, ಕಾರಣವಿಲ್ಲದೆ ಇಳಿದ ತೂಕ, ಇವು ಯಾವುವೂ ಊರಿನ ರಜೆಗೆ ಕಾಯಬಾರದು. ಅವನ ಕೈ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋಗಿ.