ನದಿಯ ಕೆಸರಿನಲ್ಲಿ ಉಳಿಯುವ ಲೆಕ್ಕ
(ಗಿರಣಿ ಕೂಲಿಕಾರರು ಹಾಗೂ ಸಣ್ಣ ವ್ಯಾಪಾರಿಗಳ ಮುಂದೆ ಮಾಡಿದ ಭಾಷಣ)



ಇಂಡಿ, ಸಿಂದಗಿಯವರ ನದಿ ಭೀಮೆ. ಮುದ್ದೇಬಿಹಾಳ, ಬಸವನ ಬಾಗೇವಾಡಿಯವರ ನದಿ ಕೃಷ್ಣೆ. ಇಷ್ಟು ವರ್ಷ ನಾವು ಹೂಡಿದ ಜಗಳವೆಲ್ಲ ನೀರಿನದು. ಯಾರಿಗೆ ಎಷ್ಟು ಟಿ.ಎಂ.ಸಿ. ಎಂಬುದನ್ನು ಬಚಾವತ ನ್ಯಾಯಮಂಡಳಿ 1973ರಲ್ಲಿ ಹೇಳಿತು. ನೀರಿನ ಸಂಗಡ ಕೆಸರೂ ಬರುತ್ತದೆ. ಕೆಸರಿನ ಸಂಗಡ ಇನ್ನೇನು ಬರುತ್ತದೆ ಎಂಬುದೇ ಇಂದಿನ ಮಾತು.

ಭೀಮೆ ನಮ್ಮ ಗಡಿ ಮುಟ್ಟುವ ಮೊದಲೇ ಪುಣೆಯ ಮುಳಾ-ಮುಠಾ ಅದನ್ನು ಕೂಡಿರುತ್ತದೆ. ಪಿಂಪ್ರಿ-ಚಿಂಚವಡದ ಕಾರಖಾನೆಗಳ ನಡುವೆ ಹರಿದ ಪವನಾ ನದಿಯೂ ಅದರೊಳಗೇ ಬಂತು. ಮೋಟಾರಿನ ಭಾಗಗಳಿಗೆ ಹೊಳಪು ಕೊಡುವ ಪ್ಲೇಟಿಂಗ್, ಬಣ್ಣ, ಬ್ಯಾಟರಿ, ಇಂಥ ಉದ್ಯೋಗಗಳ ಹೊಲಸಿನಲ್ಲಿ ಸೀಸ, ಕ್ರೋಮಿಯಂ, ನಿಕಲ್, ಸತು, ಕ್ಯಾಡ್ಮಿಯಂ ಇರುತ್ತವೆ. ಇವೆಲ್ಲ ಮೊದಲು ತಂಗುವುದು 1980ರಲ್ಲಿ ಮುಗಿದ ಉಜನಿ ಜಲಾಶಯದಲ್ಲಿ. ಉಜನಿ ನಮಗೆ ಅಡ್ಡಗೋಡೆಯಾಯಿತೆಂದು ಸಮಾಧಾನ ಪಡಬಹುದು. ಆದರೆ ನೆರೆ ಬಂದಾಗ ಬಾಗಿಲು ತೆಗೆಯಲೇಬೇಕು. 2020ರ ಅಕ್ಟೋಬರದಲ್ಲಿ ಭೀಮೆ ದಂಡೆ ಮೀರಿ ಹೊಲಗಳಿಗೆ ನುಗ್ಗಿದ್ದನ್ನು ತಾವು ಕಂಡಿದ್ದೀರಿ. ಅತಿ ಸಣ್ಣ ಜೇಡಿಯ ಕಣಗಳು ಹಾಗೆಯೇ ದಾಟಿ ಬರುವುದು.

ಊರಿನ ಎಂಜಲು, ಮಲ ನೀರಿಗೆ ಬಿದ್ದರೆ ಕೊಳೆತು ಹೋಗುತ್ತವೆ. ಲೋಹ ಕೊಳೆಯುವುದಿಲ್ಲ. ಅದು ನೀರಿನಲ್ಲಿ ಬಹಳ ಹೊತ್ತು ತೇಲುವುದೂ ಇಲ್ಲ; ಜೇಡಿಗೆ ಅಂಟಿಕೊಂಡು, ಹರಿವು ಸಾವಕಾಶವಾದಲ್ಲಿ ತಳಕ್ಕೆ ಕೂಡುತ್ತದೆ. ಅಣೆಕಟ್ಟಿನ ಹಿಂದೆ, ಬ್ಯಾರೇಜಿನ ಬುಡದಲ್ಲಿ, ಮಡುವಿನಲ್ಲಿ. ಆದಕಾರಣ ಬಾಟಲಿಯಲ್ಲಿ ನೀರು ಹಿಡಿದು ನೋಡಿ 'ಚಲೋ ಇದೆ' ಎಂದರೆ ಅದು ಅರ್ಧ ಲೆಕ್ಕ. ಅಂಗಡಿಕಾರರಿಗೆ ತಿಳಿಯುವಂತೆ ಹೇಳುವುದಾದರೆ, ನೀರು ಆ ಹೊತ್ತಿನ ಗಲ್ಲೆ. ಕೆಸರು ವರ್ಷಗಟ್ಟಲೆಯ ಕಿರ್ದಿ. ಒಂದು ಕೊಳವೆಯನ್ನು ತಳಕ್ಕೆ ಒತ್ತಿ ಎತ್ತಿದರೆ ಮೇಲಿನ ಪದರು ಈಚಿನದು, ಕೆಳಗಿನದು ಹಳೆಯದು.

ತಳದಲ್ಲಿ ಕೂತದ್ದು ಅಲ್ಲೇ ಇರುತ್ತದೆಯೇ? ಗಾಳಿ ತಾಗದ ಕೆಸರಿನಲ್ಲಿ ಲೋಹವು ಗಂಧಕದೊಡನೆ ಕೂಡಿ ಗಟ್ಟಿಯಾಗಿರುತ್ತದೆ. ಬೇಸಿಗೆಯಲ್ಲಿ ತಳ ಒಣಗಿ ಬಿರಿದರೆ, ನೆರೆ ಕಲಕಿದರೆ, ಯಂತ್ರ ಹಚ್ಚಿ ಹೂಳೆತ್ತಿದರೆ ಮತ್ತೆ ಬಿಡುತ್ತದೆ. ಕಾರಖಾನೆ ಮುಚ್ಚಿದ ಮೇಲೂ ವಿಷ ಮುಗಿಯದಿರುವುದು ಇದರಿಂದಲೇ. ಸೀಸವು ಮಕ್ಕಳ ಬುದ್ಧಿಯನ್ನು ಕೆಡಿಸುತ್ತದೆ. ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ ಹತ್ತಾರು ವರ್ಷ ನಿಂತು ಎಲುಬನ್ನು ಸವೆಸುತ್ತದೆ.

ಹೆದರಿಸಲು ಬಂದವನಲ್ಲ ನಾನು. ನಮ್ಮ ಎರೆಮಣ್ಣು ಕಪ್ಪು ಕಲ್ಲಿನಿಂದ ಹುಟ್ಟಿದ್ದು. ಅದರಲ್ಲಿ ತಾಮ್ರ, ನಿಕಲ್, ಕ್ರೋಮಿಯಂ ಹುಟ್ಟಿನಿಂದಲೇ ಇವೆ. ಈ ಮಣ್ಣು ಸವುಳಿನ ಗುಣದ್ದಾದ್ದರಿಂದ ಅನೇಕ ಲೋಹಗಳನ್ನು ಬಿಗಿಯಾಗಿ ಹಿಡಿದಿಡುತ್ತದೆ, ಪೈರಿಗೆ ಸುಲಭವಾಗಿ ಬಿಡುವುದಿಲ್ಲ. ಕಲ್ಲಿನ ಪಾಲು ಎಷ್ಟು, ಕಾರಖಾನೆಯ ಪಾಲು ಎಷ್ಟು ಎಂದು ಬೇರ್ಪಡಿಸದೆ ಕೂಗೆಬ್ಬಿಸಿದರೆ ಮೊದಲು ಹೊಟ್ಟೆಗೆ ಪೆಟ್ಟು ಬೀಳುವುದು ಮೀನು ಮಾರುವವಳಿಗೆ, ಬದನೆಕಾಯಿ ಬುಟ್ಟಿ ಹೊತ್ತವನಿಗೆ. ಹೊಲಸು ಬಿಟ್ಟ ಮಾಲಕನಿಗಲ್ಲ!

ಜಪಾನಿನ ಜಿಂಜು ನದಿಯ ಕಥೆ ನಮಗೆ ಹತ್ತಿರದ್ದು. ಮೇಲೆ ಗಿಫು ಪ್ರಾಂತದಲ್ಲಿ ಮಿತ್ಸುಯಿ ಕಂಪನಿಯ ಕಾಮಿಯೋಕಾ ಗಣಿ. ಕೆಳಗೆ ತೊಯಾಮಾ ಪ್ರಾಂತದಲ್ಲಿ ಭತ್ತದ ಗದ್ದೆಗಳು. ಗಣಿಯ ಕ್ಯಾಡ್ಮಿಯಂ ಹೊಳೆಯ ನೀರು-ಕೆಸರಿನೊಡನೆ ಕಾಲುವೆ ಹಿಡಿದು ಗದ್ದೆಗೆ ಬಂತು. ಮಕ್ಕಳನ್ನು ಹೆತ್ತು ವಯಸ್ಸಾದ ಹೆಣ್ಣುಮಕ್ಕಳು ಎಲುಬು ಮುರಿದು 'ನೋವು, ನೋವು' ಎಂದು ನರಳಿದರು. ಜಪಾನಿ ಭಾಷೆಯಲ್ಲಿ ರೋಗಕ್ಕೆ ಅದೇ ಹೆಸರಾಯಿತು, ಇತಾಯಿ-ಇತಾಯಿ. ಸರಕಾರ ಒಪ್ಪಿದ್ದು 1968ರಲ್ಲಿ. ರೈತರು ನ್ಯಾಯಾಲಯಕ್ಕೆ ಹೋಗಿ 1971ರಲ್ಲಿ ಗೆದ್ದರು, 1972ರಲ್ಲಿ ಕಂಪನಿಯ ಮೇಲ್ಮನವಿಯೂ ಬಿತ್ತು. ಗದ್ದೆಯ ಮಣ್ಣನ್ನು ಸರಿಪಡಿಸುವ ಕೆಲಸ ಮುಗಿದದ್ದು 2012ರಲ್ಲಿ, 863 ಹೆಕ್ಟೇರಿನಷ್ಟು. ಆದರೆ ನನಗೆ ಹಣಕ್ಕಿಂತ ದೊಡ್ಡದಾಗಿ ಕಾಣುವುದು 1972ರ ಕರಾರು: ತಜ್ಞರನ್ನು ಕರೆದುಕೊಂಡು, ಕಂಪನಿಯ ಖರ್ಚಿನಲ್ಲಿ, ಗಣಿಯೊಳಗೆ ಹೋಗಿ ತಪಾಸಣೆ ಮಾಡುವ ಹಕ್ಕನ್ನು ರೈತರು ಪಡೆದರು. ಇಲ್ಲಿ ಗಿರಣಿಯ ಗೇಟಿನೊಳಗೆ ಕೂಲಿಕಾರನಿಗೂ ಪ್ರಶ್ನೆ ಕೇಳುವ ಅವಕಾಶವಿಲ್ಲ.

ಹೊಲಸು ಮಾಡಿದವನೇ ತೊಳೆಯುವ ಖರ್ಚು ಕೊಡಬೇಕೆಂದು ನಮ್ಮ ಸುಪ್ರೀಂ ಕೋರ್ಟು ರಾಜಸ್ಥಾನದ ಬಿಚ್ಛ್ರಿ ಗ್ರಾಮದ ಮೊಕದ್ದಮೆಯಲ್ಲಿ 1996ರಲ್ಲೇ ಹೇಳಿದೆ. ಜಲಮಾಲಿನ್ಯದ ಕಾಯಿದೆ 1974ರಿಂದ ಇದೆ. ಕುಡಿಯುವ ನೀರಿನಲ್ಲಿ ಸೀಸ ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದೆಂಬ ಮಾನಕವಿದೆ. ನದಿಯ ಕೆಸರಿಗೆ ಅಂಥ ಮಾನಕವನ್ನೇ ಕಟ್ಟಿಲ್ಲ. ಅಳತೆಗೋಲಿಲ್ಲದ ಕಡೆ ತಪ್ಪಿತಸ್ಥನೂ ಸಿಗುವುದಿಲ್ಲ.

ಆದ್ದರಿಂದ ಕೇಳಬೇಕಾದದ್ದು ಇಷ್ಟು. ಭೀಮೆಯ ಬ್ಯಾರೇಜುಗಳ ಹಿಂದೆ, ಆಲಮಟ್ಟಿಯ ಹಿನ್ನೀರಿನಲ್ಲಿ, ಡೋಣಿಯ ಪಾತ್ರದಲ್ಲಿ ಕೆಸರಿನ ಪರೀಕ್ಷೆ ಮಳೆಗಾಲಕ್ಕೆ ಮೊದಲು ಒಮ್ಮೆ, ನೆರೆ ಇಳಿದ ಮೇಲೆ ಒಮ್ಮೆ ಆಗಲಿ. ಫಲಿತಾಂಶವನ್ನು ಕನ್ನಡದಲ್ಲಿ ಪಂಚಾಯಿತಿಯ ಗೋಡೆಗೆ ಹಚ್ಚಲಿ. ಪರೀಕ್ಷೆಯಾಗದ ಹೂಳನ್ನು ಗೊಬ್ಬರವೆಂದು ಹೊಲಕ್ಕೆ ಹೊಡೆಸುವುದು ಬೇಡ.

ನಮ್ಮ ಪೇಟೆಯವರಿಗೂ ಒಂದು ಮಾತು. ಹಳೆಯ ಬ್ಯಾಟರಿ ಒಡೆದು ಹಿತ್ತಲಲ್ಲಿ ಸೀಸ ಕರಗಿಸಿ, ಆಸಿಡ್ಡನ್ನು ಗಟಾರಕ್ಕೆ ಸುರಿಯುವ ಧಂದೆ ಎಲ್ಲಿದ್ದರೂ ನಿಲ್ಲಬೇಕು. 2022ರ ನಿಯಮದಂತೆ ಅವನ್ನು ನೋಂದಾಯಿತ ಕಾರಖಾನೆಗೇ ಕೊಡತಕ್ಕದ್ದು. ಆ ಗಟಾರ ಹರಿದು ಸೇರುವುದೂ ಹಳ್ಳಕ್ಕೆ, ಹಳ್ಳ ಸೇರುವುದೂ ಇದೇ ಹೊಳೆಗೆ.