ಬಾಗಿಲು ಹಾಕಿದರು, ಬಾಗಿಲು ತೆರೆದರು

(ನರೋಡಾದಲ್ಲಿ ಕನ್ನಡ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಹೋದ ಸಭೆಯಲ್ಲಿ ಮಿಲ್ಲಿನ ಗೆಳೆಯರೊಬ್ಬರು ಒಂದು ಪ್ರಶ್ನೆ ಎತ್ತಿದ್ದರು. ಒಂದು ದೇಶದ ಸರಕಾರ ಇನ್ನೊಂದು ದೇಶದ ಅಧಿಕಾರಸ್ಥನಿಗೆ, "ನಿನ್ನ ಆಡಳಿತದಲ್ಲಿ ಜನರಿಗೆ ಅನ್ಯಾಯವಾಗಿದೆ, ನಮ್ಮಲ್ಲಿ ಕಾಲಿಡಬೇಡ" ಎನ್ನಬಹುದೇ? ಹಾಗಂದರೆ ಅನ್ಯಾಯಕ್ಕೆ ಸಿಕ್ಕವನಿಗೆ ಏನು ಬಂತು? ನಾನು ಕಪ್ಪು ಬಸಿ ತೊಳೆದು, ಟೇಬಲು ಒರೆಸಿ, ಆಮೇಲೆ ಸಂಘದ ಕೆಲಸಕ್ಕೆ ಬಂದವನು. ಏಳನೆಯ ಇಯತ್ತೆಗೆ ಓದು ನಿಂತಿತು. ಪಂಡಿತರ ಹಾಗೆ ಮಾತಾಡಲಾರೆ. ಆದರೆ ಈ ಪ್ರಶ್ನೆಗೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ನಾವು ಕೂತಿರುವ ಈ ನರೋಡಾದಲ್ಲೇ ಇದೆ.

2002ನೆಯ ಇಸವಿ ಫೆಬ್ರವರಿ 27ರಂದು ಗೋಧ್ರಾದಲ್ಲಿ ರೈಲಿನ ಡಬ್ಬಿಗೆ ಬಿದ್ದ ಬೆಂಕಿಯಲ್ಲಿ 59 ಜನ ಸತ್ತರು. ಆ ಅಪರಾಧಕ್ಕೆ 2011ರಲ್ಲಿ 31 ಜನರಿಗೆ ಶಿಕ್ಷೆಯಾಯಿತು. ರೈಲು ಉರಿದ ಮರುದಿನ ಬಂದ್ ಕರೆದರು. ಆ ಬಂದಿನ ದಿನ ಈ ನರೋಡಾ ಪಾಟಿಯಾದಲ್ಲಿ 97 ಮುಸಲ್ಮಾನರನ್ನು ಕೊಂದರು. ಸತ್ತವರಲ್ಲಿ ಹೆಂಗಸರು ಮಕ್ಕಳೇ ಬಹುಪಾಲು. ನೂರಾನಿ ಮಸೀದಿ, ಹುಸೇನ ನಗರ, ಜವಾನ ನಗರ ನಿಮಗೆ ಗೊತ್ತಿರುವ ಜಾಗಗಳೇ. ಅಲ್ಲಿ ವಾಸವಿದ್ದವರು ಯಾರು? ಕರ್ನಾಟಕದ ಗುಲ್ಬರ್ಗಾ ಕಡೆಯಿಂದ, ಮಹಾರಾಷ್ಟ್ರದಿಂದ ದುಡಿಮೆ ಹುಡುಕಿ ಬಂದ ಬಡಪಾಯಿಗಳು. ನಮ್ಮ ಹಾಗೆಯೇ ರೈಲು ಹತ್ತಿ ಬಂದವರು. ಆದ್ದರಿಂದ ಇದು ಬೇರೆ ಯಾರದೋ ಸುದ್ದಿ ಎಂದು ಯಾರೂ ತಿಳಿಯಬೇಡಿ.

ಈಗ ಅಮೆರಿಕಾದ ಮಾತು. ಅಲ್ಲಿ 1998ರಲ್ಲಿ ಒಂದು ಕಾನೂನು ಬಂತು. ಧರ್ಮದ ಸ್ವಾತಂತ್ರ್ಯವನ್ನು ಘೋರವಾಗಿ ಮುರಿದುದಕ್ಕೆ ಹೊಣೆಯಾದ ಪರದೇಶದ ಸರಕಾರಿ ಅಧಿಕಾರಿಗೆ ವೀಸಾ, ಅಂದರೆ ಒಳಗೆ ಬರುವ ಪರವಾನಗಿ, ಇಲ್ಲ ಎಂದು. ಈ ಕಾನೂನಿನ ಮೇಲೆ 2005ರ ಮಾರ್ಚಿಯಲ್ಲಿ ಆಗಿನ ಗುಜರಾತಿನ ಮುಖ್ಯಮಂತ್ರಿ ನರೇಂದ್ರ ಮೋದಿಯವರ ಕೈಯಲ್ಲಿದ್ದ ವೀಸಾ ರದ್ದಾಯಿತು. ಅವರು ಹೊರಟದ್ದು ಎಲ್ಲಿಗೆ ಗೊತ್ತೇ? ಫ್ಲಾರಿಡಾದಲ್ಲಿ ಹೋಟೆಲು ಮಾಲಿಕರ ಸಂಘದ ಸಮ್ಮೇಳನಕ್ಕೆ! ಅಲ್ಲಿನ ಮೋಟೆಲುಗಳಲ್ಲಿ ಗುಜರಾತಿನ ಪಟೇಲರದೇ ದೊಡ್ಡ ಕೈ. (ಮಾಲಿಕರಿಗೆ ಸಮುದ್ರದಾಚೆಗೂ ಸಂಘವಿದೆ. ನಮ್ಮ ಹುಡುಗರಿಗೆ ವಂತಿಗೆ ಕೊಡೆಂದರೆ ತಲೆನೋವು.)

ಆಗ ದಿಲ್ಲಿಯಲ್ಲಿ ಇದ್ದದ್ದು ಎದುರು ಪಕ್ಷದ ಸರಕಾರ. ಆದರೂ ಪ್ರಧಾನಿ ಮನಮೋಹನ ಸಿಂಗರು ಪಾರ್ಲಿಮೆಂಟಿನಲ್ಲಿ ಈ ಕ್ರಮವನ್ನು ವಿರೋಧಿಸಿದರು. ಜನ ಆರಿಸಿದ ಮುಖ್ಯಮಂತ್ರಿಗೆ ಹೀಗೆ ಮಾಡಬಾರದು ಎಂಬುದು ಅವರ ವಾದ. ಅಮೆರಿಕಾದವರು ಆಧಾರವಾಗಿ ತೋರಿಸಿದ್ದು ನಮ್ಮದೇ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಮಾತನ್ನು. ರಾಜ್ಯ ಸರಕಾರ ಜನರ ಹಕ್ಕು ಕಾಯುವುದರಲ್ಲಿ ಸೋತಿತು ಎಂದು ಆಯೋಗ ಬರೆದಿತ್ತು. ನಮ್ಮ ಮನೆಯ ಕಾಗದವನ್ನು ನಾವು ಓದದೆ ಇಟ್ಟರೆ ನೆರೆಯವನು ಓದುತ್ತಾನೆ.

ಇಲ್ಲಿ ಒಂದು ವಿಷಯ ಕಾರ್ಮಿಕರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಮಾಲಿಕ ನಿಮ್ಮನ್ನು ಒಂದು ಬೆಳಿಗ್ಗೆ ಗೇಟಿನಲ್ಲೇ ತಡೆದ ಎನ್ನಿ. ಚಾರ್ಜ್‌ಶೀಟು ಎಲ್ಲಿ, ವಿಚಾರಣೆ ಎಲ್ಲಿ ಎಂದು ಕೇಳುತ್ತೇವೆ. ಗೇಟು ತಡೆದ ಮಾತ್ರಕ್ಕೆ ಕಳ್ಳನೆಂದು ತೀರ್ಮಾನವಾಗಲಿಲ್ಲ. ವೀಸಾ ರದ್ದು ಮಾಡುವುದೂ ಅಂಥದೇ. ಸಾಕ್ಷಿಯನ್ನು ಯಾರೂ ಪಾಟಿಸವಾಲು ಮಾಡುವುದಿಲ್ಲ, ಎದುರಿನವನ ವಕೀಲನಿಲ್ಲ, ತೀರ್ಪೂ ಇಲ್ಲ. ಮೋದಿಯವರ ಮೇಲಿನ ಆರೋಪವನ್ನು ಸುಪ್ರೀಂ ಕೋರ್ಟು ನೇಮಿಸಿದ ವಿಶೇಷ ತನಿಖಾ ತಂಡ ನೋಡಿ, ಮೊಕದ್ದಮೆ ಹೂಡುವಷ್ಟು ಪುರಾವೆ ಇಲ್ಲವೆಂದು 2012ರಲ್ಲಿ ವರದಿ ಕೊಟ್ಟಿತು. 2022ರ ಜೂನಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಒಪ್ಪುವವರೂ ಇದ್ದಾರೆ, ಒಪ್ಪದವರೂ ಇದ್ದಾರೆ. ಕಾಗದದ ಮೇಲೆ ಇರುವುದು ಇದು.

ಹಾಕಿದ ಬಾಗಿಲು ಏನಾಯಿತು? 2014ರ ಮೇ ತಿಂಗಳಲ್ಲಿ ಅವರು ಚುನಾವಣೆ ಗೆದ್ದರು. ಅಮೆರಿಕಾದ ಅಧ್ಯಕ್ಷರೇ ಬನ್ನಿ ಎಂದರು. ಸೆಪ್ಟೆಂಬರಿನಲ್ಲಿ ಅವರು ನ್ಯೂಯಾರ್ಕಿನಲ್ಲಿ ದೊಡ್ಡ ಸಭೆ ಮಾಡಿದರು. ಅಲ್ಲಿನ ಕೋರ್ಟಿನಲ್ಲಿ ಅವರ ಮೇಲೆ ಹೂಡಿದ್ದ ದಾವೆಯೂ, ಸರಕಾರದ ಮುಖ್ಯಸ್ಥರಿಗೆ ರಕ್ಷಣೆಯಿದೆ ಎಂಬ ಕಾರಣದಿಂದ 2015ರಲ್ಲಿ ವಜಾ ಆಯಿತು. ಒಂಬತ್ತು ವರ್ಷದ ತಡೆ ಹೋಯಿತು. ಆದರೆ ಅದಕ್ಕೆ ಹೊಸ ಸಾಕ್ಷ್ಯ ಕಾರಣವಲ್ಲ, ಖುರ್ಚಿ ಕಾರಣ. ಸೌದಿಯ ಕಥೆಯೂ ಹೀಗೆಯೇ. ಪತ್ರಕರ್ತ ಖಶೋಗಿಯವರ ಕೊಲೆಗಾಗಿ 2018ರಲ್ಲಿ 17 ಸೌದಿಗಳ ಮೇಲೆ ಅಮೆರಿಕಾ ನಿರ್ಬಂಧ ಹಾಕಿ, ಹಣ ತಡೆಹಿಡಿಯಿತು. ಪಟ್ಟಿಯಲ್ಲಿ ಯುವರಾಜರ ಹೆಸರಿರಲಿಲ್ಲ. 2022ರಲ್ಲಿ ಯುವರಾಜರಿಗೆ ಕೋರ್ಟಿನಿಂದ ರಕ್ಷಣೆ ಬೇಕೆಂದಾಗ ಅಮೆರಿಕಾದ ವಕ್ತಾರರು ಹಿಂದಿನ ಉದಾಹರಣೆಗಳಲ್ಲಿ ನಮ್ಮ ಪ್ರಧಾನಿಯವರ ಹೆಸರನ್ನೂ ಹೇಳಿದರು. ಎಲ್ಲಿಯ ಸೌದಿ, ಎಲ್ಲಿಯ ನರೋಡಾ!

ಹಾಗಾದರೆ ಬಹಿಷ್ಕಾರವೇ ಹುಸಿಯೇ? ಹಾಗೆ ನಾನು ಹೇಳುವುದಿಲ್ಲ. 1946ರಲ್ಲಿ, ಇನ್ನೂ ಸ್ವಾತಂತ್ರ್ಯ ಬರುವ ಮುಂಚೆಯೇ, ನಮ್ಮ ದೇಶ ದಕ್ಷಿಣ ಆಫ್ರಿಕಾದ ಜೊತೆ ವ್ಯಾಪಾರ ನಿಲ್ಲಿಸಿತು. ಅಲ್ಲಿನ ಭಾರತೀಯರನ್ನು ಬಣ್ಣದ ಮೇಲೆ ಹೀನಾಯವಾಗಿ ನಡೆಸಿಕೊಂಡದ್ದಕ್ಕೆ ಜಗತ್ತಿನಲ್ಲಿ ಮೊದಲು ಹಾಗೆ ಮಾಡಿದವರು ನಾವೇ. ನಷ್ಟ ನಮ್ಮದೂ ಇತ್ತು. ಹತ್ತಾರು ವರ್ಷ ಬಿಡದೆ ಹಿಡಿದೆವು. ತನ್ನ ಕೈಯಿಂದ ಕಳೆದುಕೊಂಡು ಮಾಡಿದ ಮುಷ್ಕರಕ್ಕೆ ಇರುವ ತೂಕ, ಬಲ್ಲಿದನು ಬೇಕಾದಾಗ ಹಾಕಿ ಬೇಡವಾದಾಗ ತೆಗೆಯುವ ಚಿಲಕಕ್ಕೆ ಬರಲಾರದು.

ನರೋಡಾದ ಜನರಿಗೆ ಏನಾದರೂ ಸಿಕ್ಕಿದ್ದರೆ ಅದು ಅಹಮದಾಬಾದಿನ ಕೋರ್ಟಿನಲ್ಲಿ. 2012ರ ಆಗಸ್ಟಿನಲ್ಲಿ ವಿಶೇಷ ನ್ಯಾಯಾಧೀಶೆ ಜ್ಯೋತ್ಸ್ನಾ ಯಾಜ್ಞಿಕರು 32 ಜನರಿಗೆ ಶಿಕ್ಷೆ ಕೊಟ್ಟರು. ಅದರಲ್ಲಿ ಮಾಜಿ ಮಂತ್ರಿ ಮಾಯಾ ಕೊಡ್ನಾನಿಯವರೂ ಇದ್ದರು, ಬಾಬು ಬಜರಂಗಿಯೂ ಇದ್ದ. ಅಧಿಕಾರದಲ್ಲಿದ್ದವರ ಎದುರಿಗೆ ನಿಂತು ಬೆರಳು ತೋರಿಸಿದವರು ಯಾವ ರಾಯಭಾರಿಯೂ ಅಲ್ಲ. ಕೂಲಿ ಮಾಡುವವರು, ಮಕ್ಕಳನ್ನು ಕಳೆದುಕೊಂಡ ತಾಯಂದಿರು. 2018ರಲ್ಲಿ ಹೈಕೋರ್ಟು ಸಂಶಯದ ಲಾಭ ಕೊಟ್ಟು ಕೊಡ್ನಾನಿಯವರನ್ನು ಬಿಡುಗಡೆ ಮಾಡಿತು. ಬಜರಂಗಿಯ ಅಪರಾಧವನ್ನು ಎತ್ತಿಹಿಡಿದು ಶಿಕ್ಷೆಯನ್ನು 21 ವರ್ಷಕ್ಕೆ ಇಳಿಸಿತು. ಅದೇ ದಿನ 11 ಜನ ಸತ್ತ ನರೋಡಾ ಗಾಮಿನ ಮೊಕದ್ದಮೆಯಲ್ಲಿ 2023ರ ಏಪ್ರಿಲಿನಲ್ಲಿ ಆರೋಪಿಗಳೆಲ್ಲರೂ ಬಿಡುಗಡೆಯಾದರು. ಹನ್ನೊಂದು ಜನ ಸತ್ತದ್ದು ನಿಜ, ಕೊಂದವರು ಮಾತ್ರ ಯಾರೂ ಇಲ್ಲ.

ಕೋರ್ಟಿಗೆ ಒಂದು ದಿನ ಹೋದರೆ ಒಂದು ದಿನದ ಪಗಾರ ಹೋಗುತ್ತದೆ. ಹತ್ತು ವರ್ಷ ತಾರೀಕಿಗೆ ಅಲೆದವರ ಲೆಕ್ಕವನ್ನು ನೀವೇ ಹಾಕಿ. ಅದಕ್ಕೇ ನನ್ನ ಸೂಚನೆ ಇಷ್ಟು: ನಮ್ಮ ಸಂಘದ ನಿಧಿಯಲ್ಲಿ ಒಂದು ಪಾಲನ್ನು ಸಾಕ್ಷಿ ಹೇಳಲು ಹೋಗುವ ಕಾರ್ಮಿಕರ ಪಗಾರಕ್ಕೆಂದು ತೆಗೆದಿಡಬೇಕು. ಯಾವ ಊರಿನವರು, ಯಾವ ಜಾತಿ, ಯಾವ ಧರ್ಮದವರು ಎಂದು ಕೇಳಬಾರದು. ಎಷ್ಟು ಹಣ, ಯಾರ ಕೈಯಲ್ಲಿ ಎಂಬುದನ್ನು ಈ ಸಭೆಯೇ ಗೊತ್ತುಮಾಡಲಿ. ಮಾತಾಡುವವರು ಮುಂದೆ ಬನ್ನಿ.