ರೈಲು ಓಡದ ಮೂರನೇ ಸುರಂಗ



ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಕೃಷ್ಣರಾಜನಗರಕ್ಕೆ ರೈಲಿದೆ; ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳಿಗೆ ಇನ್ನೂ ಬಂದಿಲ್ಲ. ಕೃಷ್ಣರಾಜನಗರದ ಹಳಿ ಹಾಸನ ದಾಟಿ, ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ ಘಟ್ಟ ಇಳಿಯುವಾಗ 57 ಸುರಂಗಗಳನ್ನು ಹಾಯುತ್ತದೆ. ಹಗಲಿನಲ್ಲಿ ಹೋದವರಿಗೆ ಗೊತ್ತು: ಕತ್ತಲಾದೊಡನೆ ಮಕ್ಕಳು ಕೂಗು ಹಾಕುತ್ತಾರೆ, ಸ್ವಲ್ಪ ಹೊತ್ತಿಗೆ ಮತ್ತೆ ಬೆಳಕು. ಆ ಕತ್ತಲೆ 50 ಕಿಲೋಮೀಟರ್ ಉದ್ದವಿದ್ದು, ತಲೆಯ ಮೇಲೆ ಸಮುದ್ರವೂ ಇದ್ದರೆ?

ಅಂಥದೊಂದು ಸುರಂಗ ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವೆ ಇದೆ. 1994ರ ಮೇ 6ರಂದು ಉದ್ಘಾಟನೆಯಾದ ಈ ಚಾನೆಲ್ ಸುರಂಗದ ಉದ್ದ 50.45 ಕಿಲೋಮೀಟರ್. ಅದರಲ್ಲಿ ಸುಮಾರು 38 ಕಿಲೋಮೀಟರ್ ಕಡಲಿನ ಅಡಿಯಲ್ಲಿದೆ. ಇದು ನೀರಿನಲ್ಲಿ ಮುಳುಗಿಸಿಟ್ಟ ಕೊಳವೆಯೆಂದು ಹಲವರು ತಿಳಿದಿದ್ದಾರೆ. ಹಾಗಲ್ಲ, ಕಡಲ ತಳದ ಕೆಳಗಿನ ನೆಲವನ್ನೇ ಕೊರೆದು ಮಾಡಿದ್ದು.

ಬಾವಿ ತೋಡುವವನು ನೀರಿನ ಸೆಲೆ ಹುಡುಕುತ್ತಾನೆ. ಈ ಎಂಜಿನಿಯರುಗಳು ಹುಡುಕಿದ್ದು ನೀರು ಒಸರದ ಪದರವನ್ನು. ಸೀಮೆಸುಣ್ಣದ ಕಲ್ಲಿಗೆ ಜೇಡಿ ಬೆರೆತ ಅಂಥ ಪದರ ಅಲ್ಲಿತ್ತು. ಕೊರೆಯಲು ಮೆದು, ನೀರನ್ನೂ ಸುಲಭವಾಗಿ ಒಳಬಿಡದು. ಆ ಪದರ ಏರಿದಲ್ಲಿ ಏರಿ, ಇಳಿದಲ್ಲಿ ಇಳಿದು ಸುರಂಗ ಸಾಗಿತು. ಫ್ರಾನ್ಸ್ ಕಡೆಯ ಕಲ್ಲಿನಲ್ಲಿ ಬಿರುಕುಗಳಿದ್ದುದರಿಂದ ಅಲ್ಲಿ ನೀರಿನ ಒತ್ತಡವನ್ನು ತಡೆಯಬಲ್ಲ, ಮುಂಭಾಗ ಮುಚ್ಚಿದ ಯಂತ್ರಗಳೇ ಬೇಕಾದವು.

ಹೋಗಲು ಒಂದು, ಬರಲು ಒಂದು, ಎರಡು ಸುರಂಗ ಸಾಕಲ್ಲವೇ? ಅವರು ತೋಡಿದ್ದು ಮೂರು. ನಡುವಿನದು ಕಿರಿದು, ವ್ಯಾಸ 4.8 ಮೀಟರ್. ಅದರಲ್ಲಿ ರೈಲು ಓಡುವುದಿಲ್ಲ. ಅದನ್ನೇ ಮುಂದಾಗಿ ತೋಡಿ, ಮುಂದಿನ ನೆಲ ಹೇಗಿದೆಯೆಂದು ತಿಳಿದುಕೊಂಡರು. 1990ರ ಡಿಸೆಂಬರ್ 1ರಂದು ಎರಡೂ ದೇಶಗಳ ಕೆಲಸಗಾರರು ಕೈಕುಲುಕಿದ್ದು ಅಲ್ಲಿಯೇ. ಪ್ರತಿ 375 ಮೀಟರಿಗೊಂದು ಅಡ್ಡದಾರಿ ಅದನ್ನು ರೈಲಿನ ಸುರಂಗಗಳಿಗೆ ಸೇರಿಸುತ್ತದೆ. ಒಳಗೆ ಗಾಳಿಯ ಒತ್ತಡವನ್ನು ಹೆಚ್ಚಾಗಿ ಇಟ್ಟಿರುವುದರಿಂದ ಪಕ್ಕದ ಹೊಗೆ ಅಲ್ಲಿಗೆ ನುಗ್ಗದು.

1996ರ ನವೆಂಬರ್ 18ರಂದು ಲಾರಿಗಳನ್ನು ಹೊತ್ತು ಸಾಗುತ್ತಿದ್ದ ರೈಲಿಗೆ ಬೆಂಕಿ ಬಿತ್ತು. ದಟ್ಟ ಹೊಗೆ, ಮೇಲೆ ಕಡಲು. ರೈಲಿನಲ್ಲಿದ್ದ 34 ಮಂದಿಯೂ ಆ ಕಿರುಸುರಂಗ ಸೇರಿ ಜೀವ ಉಳಿಸಿಕೊಂಡರು.

ನಮ್ಮ ಉಳಿದ ತಾಲ್ಲೂಕುಗಳಿಗೂ ರೈಲು ಬರಲಿ ಎಂದು ನಾವೆಲ್ಲ ಕೇಳುತ್ತೇವೆ, ಕೇಳಲೇಬೇಕು. ಆದರೆ ರೈಲಾಗಲಿ, ಸಿನಿಮಾ ಮಂದಿರವಾಗಲಿ, ಶಾಲೆಯ ಕಟ್ಟಡವಾಗಲಿ, ನಕ್ಷೆ ನೋಡುವಾಗ ಇನ್ನೊಂದು ಪ್ರಶ್ನೆಯನ್ನೂ ಕೇಳೋಣ: ಅಪಾಯ ಬಂದರೆ ಹೊರಗೆ ಹೋಗುವ ದಾರಿ ಯಾವುದು? ಖರ್ಚು ಉಳಿಸಲು ಹೊರಟಾಗ ಮೊದಲು ಕತ್ತರಿ ಬೀಳುವುದು ಆ ದಾರಿಗೇ.